ಪಕ್ಕದ ಸೀಟಿನ ಬ್ರೇಕು

"ಬ್ರೇಕ್… ತನುಜಾ ಅವ್ರೇ, ಬ್ರೇಕ್ ತುಳೀರಿ."

ಯಾವುದು ಬ್ರೇಕು? ಎಡಗಡೆಯದ್ದಾ, ನಡುವಿನದ್ದಾ? ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಆಗಷ್ಟೇ ಹೇಳಿಕೊಟ್ಟಿದ್ದೆಲ್ಲ ಅವಳ ತಲೆಯಿಂದ ಹಾರಿಹೋಗಿತ್ತು.

ರಸ್ತೆಯ ನಟ್ಟನಡುವೆ ಅಮೃತಮಹಲ್ ಹಸುವೊಂದು ನಿಂತಿತ್ತು. ದನ ಮೇಯುವ ಕಾವಲಿನಿಂದ ಎದ್ದು ಬಂದ ಬೂದು ಬಣ್ಣದ ಹಸು, ಹಿಂದಕ್ಕೆ ಬಾಗಿದ ಉದ್ದನೆಯ ಚೂಪು ಕೊಂಬು. ಹಾರ್ನಿಗೆ ಹೆದರುವ ಜಾತಿಯಲ್ಲ ಅದು. ಬರುತ್ತಿದ್ದ ಕಾರನ್ನೇ ನೋಡುತ್ತ ನಿಂತಿತ್ತು.

ತನುಜಾ ಕಣ್ಣು ಮುಚ್ಚಿಕೊಂಡಳು. ಕಾಲು ಸಿಕ್ಕಿದ್ದನ್ನು ತುಳಿಯಿತು. ಇಂಜಿನ್ ಅಬ್ಬರಿಸಿತು… ಆಮೇಲೆ ಒಂದು ಜೋರಾದ ಜಗ್ಗು. ಕಾರು ನಿಂತುಬಿಟ್ಟಿತು.

ಕಣ್ಣು ಬಿಟ್ಟಾಗ ಹಸುವಿನ ಮೂತಿ ಬಾನೆಟ್ಟಿನ ಮೇಲೇ ಇತ್ತು. ಅದು ಒಮ್ಮೆ ಮೂಸಿ ನೋಡಿ, ಇವಳ ಸಹವಾಸವೇ ಬೇಡ ಅನ್ನುವಂತೆ ನಿಧಾನಕ್ಕೆ ರಸ್ತೆ ದಾಟಿ ಹೋಯಿತು.

"ನನ್ನ ಕೈಲಿ ಆಗಲ್ಲ ಸರ್," ಎಂದಳು ತನುಜಾ. "ಅದನ್ನ ಸಾಯಿಸೇ ಬಿಡ್ತಿದ್ದೆ… ನಾನಿಲ್ಲೇ ಇಳೀತೀನಿ."

ಅವಳ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

ಪಕ್ಕದ ಸೀಟಿನಲ್ಲಿದ್ದವನ ಹೆಸರು ಹಾಲೇಶ್. ತರೀಕೆರೆಯ ಉಮರ್ ಫಾರೂಕ್ ಅವರ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬೈದು ಬೈದೇ ಕಲಿಸುತ್ತಾನೆ ಎಂದು ಊರಲ್ಲೆಲ್ಲ ಹೆಸರು ಮಾಡಿದ್ದವನು. ಆದರೆ ಬಿಳಿಚಿಕೊಂಡಿದ್ದ ಆ ಮುಖ ನೋಡಿದ ಮೇಲೆ ಅವನಿಗೆ ಬೈಗುಳ ಬಾಯಿಗೆ ಬರಲಿಲ್ಲ.

"ಯಾಕೆ ಇಳೀತೀರ? ನಿಲ್ಲಿಸಿದ್ರಲ್ಲ."

"ನಾನಾ?"

"ಮತ್ತಿನ್ಯಾರು? ನೀವೇ ನಿಲ್ಲಿಸಿದ್ದು."

ಅದು ಸುಳ್ಳು. ಆ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಾರನ್ನು ನಿಲ್ಲಿಸಿದ್ದು ಆ ಬ್ರೇಕು. ಹೆದರಿದ ಹುಡುಗಿಗೆ ಒಂದು ಸಣ್ಣ ಸುಳ್ಳು ಹೇಳಿದರೆ ಏನು ಮಹಾ ಅಂದುಕೊಂಡ ಹಾಲೇಶ್.

ಮಹಾ ಆಗಿದ್ದು ಆಮೇಲೆ.

ತನುಜಾಗೆ ಕಾರಿನ ಶೋಕಿಯೇನೂ ಇರಲಿಲ್ಲ. ಅಜ್ಜಂಪುರದ ಪಕ್ಕದ ಅವಳ ಹಳ್ಳಿಯಲ್ಲಿ ಪಂಚಾಯ್ತಿಯ ಕಸದ ಗಾಡಿ ಓಡಿಸುವವರಿಲ್ಲದೆ ಟಾರ್ಪಾಲು ಹೊದ್ದು ನಿಂತಿತ್ತು. ಅದನ್ನು ಹೆಂಗಸರ ಸಂಘದವರೇ ಓಡಿಸಬೇಕು ಎಂದು ತೀರ್ಮಾನವಾದಾಗ, ಸಂಘದ ಅಧ್ಯಕ್ಷೆ ವಿಮಲಮ್ಮ ಹಿಂದೆ ಮುಂದೆ ನೋಡದೆ ತನುಜಾಳ ಹೆಸರು ಹೇಳಿಬಿಟ್ಟಿದ್ದರು.

"ಈ ಸಲನೇ ಲೈಸೆನ್ಸ್ ಆಗ್ಬೇಕು ಕಣವ್ವ," ಎಂದಿದ್ದರು. "ಫೇಲಾದ್ರೆ ಗಾಡಿನ ಪಕ್ಕದೂರಿನ ಸಂಘಕ್ಕೆ ಕೊಡ್ತಾರಂತೆ."

ಮನೆಗೆ ಆ ಕೆಲಸ ಬೇಕಿತ್ತು. ತನುಜಾಗೆ ಇನ್ನೂ ಹೆಚ್ಚಾಗಿ ಬೇಕಿತ್ತು. ಯಾಕೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ಚಿಕ್ಕವಳಿದ್ದಾಗ ಅಪ್ಪ ಈರಪ್ಪ ಲಗೇಜ್ ಆಟೋ ಓಡಿಸುತ್ತಿದ್ದ. ಒಂದು ದಿನ ಈರುಳ್ಳಿ ಮೂಟೆ ಹೇರಿದ್ದ ಆಟೋ ದಿಬ್ಬದ ಮಧ್ಯೆ ಕೆಟ್ಟು ನಿಂತಿತು. ಚಕ್ರದ ಹಿಂದೆ ಕಲ್ಲು ಕೊಡಲು ಅಪ್ಪ ಇಳಿದ. ಒಳಗೆ ಕೂತಿದ್ದ ತನುಜಾಗೆ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರುತ್ತಿರುವುದು ಗೊತ್ತಾಯಿತು. ಕೈಕಾಲಿಗೆ ಎಟುಕುವಷ್ಟು ಹತ್ತಿರದಲ್ಲೇ ಬ್ರೇಕಿತ್ತು. ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲ…

ಅಪ್ಪ ಬದುಕಿಕೊಂಡ. ಬಲಗಾಲು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಇವತ್ತಿಗೂ ಅವನ ಕೋಲಿನ ಸದ್ದು ಕೇಳಿದರೆ ಅವಳಿಗೆ ಆ ದಿಬ್ಬ ನೆನಪಾಗುತ್ತಿತ್ತು.

ಹಾಲೇಶ್ ದಿನಾ ಬೆಳಿಗ್ಗೆ ತರೀಕೆರೆಯಿಂದ ಕಾರು ತರುತ್ತಿದ್ದ. ತನುಜಾ ಬಸ್ ಸ್ಟ್ಯಾಂಡಿನಲ್ಲಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾಯುತ್ತಿದ್ದಳು. ಇವತ್ತು ಕಾರು ಕೆಟ್ಟಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ಕಾರು ಬಂದ ಕೂಡಲೇ ಅವನು ಬಂದನಲ್ಲ ಎಂದು ಖುಷಿಯೂ ಆಗುತ್ತಿತ್ತು. ಎರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಒಂದು ದಿನ ಡ್ರೈವರ್ ಸೀಟಿನ ಮೇಲೆ ಹೊಸದೊಂದು ದಿಂಬು ಇತ್ತು. ಹಳೆಯ ಸೀರೆಯನ್ನು ಮಡಚಿ ಹೊಲಿದಿದ್ದು.

"ಇದೇನ್ ಸರ್?"

"ನೀವು ಕುಳ್ಳಿ. ಮುಂದಿನ ರಸ್ತೆ ಕಾಣ್ಬೇಕಲ್ಲ," ಎಂದ ಹಾಲೇಶ್, ಕಿಟಕಿಯ ಕಡೆ ನೋಡುತ್ತ. "ಅವ್ವನ ಹತ್ರ ಹೊಲಿಸ್ದೆ."

"ಬೇರೆಯವ್ರಿಗೂ ಕೊಡ್ತೀರಾ?"

"ಬೇರೆಯವ್ರು ಕುಳ್ಳಗಿಲ್ಲ."

ತನುಜಾ ನಕ್ಕುಬಿಟ್ಟಳು. ಆ ಕಾರಿನಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಅವಳ ಭಯ ಹೋಗಿರಲಿಲ್ಲ. ಎದುರಿಗೆ ಲಾರಿ ಕಂಡರೆ ಅಂಗೈ ಬೆವರುತ್ತಿತ್ತು. ದಿಬ್ಬ ಬಂದರಂತೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಆದರೂ ಕಾರು ಒಂದು ಸಲವೂ ಹಿಂದಕ್ಕೆ ಜಾರಲಿಲ್ಲ. ಕ್ಲಚ್ಚು ಅವಳ ಕಾಲಡಿಯಲ್ಲಿ ತಾನಾಗಿಯೇ ಇಳಿಯುತ್ತಿತ್ತು, ತಾನಾಗಿಯೇ ಏಳುತ್ತಿತ್ತು.

'ಗಾಡಿ ನಂಗೆ ಒಗ್ಗಿಕೊಳ್ತಿದೆ…' ಎಂದು ಪಾಪ, ಅವಳು ಹಿಗ್ಗಿದಳು.

ಉಮರ್ ಫಾರೂಕ್ ಮಾತ್ರ ಹಿಗ್ಗಲಿಲ್ಲ. ಒಂದು ಸಂಜೆ ಕಾರು ತೊಳೆಯುವಾಗ ಪಕ್ಕದ ಸೀಟಿನ ಪೆಡಲಿನ ರಬ್ಬರು ಸವೆದಿದ್ದನ್ನು ನೋಡಿ ಹಾಲೇಶನನ್ನು ಕರೆದರು.

"ಏನಪ್ಪಾ, ಪಾಸಾಗ್ಬೇಕಿರೋದು ನೀನೋ, ಆ ಅಜ್ಜಂಪುರದ ಹುಡುಗೀನೋ?"

"ನಾಳೆಯಿಂದ ಕಾಲು ತೆಗೀತೀನಿ ಸಾಬ್ರೆ."

"ಬೇರೆಯವ್ರಿಗೆ ಮೂರನೇ ದಿನಕ್ಕೇ ತೆಗೀತೀಯ. ಇವ್ಳಿಗೆ ಮಾತ್ರ ನಾಳೆ, ನಾಳೆ. ಟೆಸ್ಟ್ ದಿನ ಆ ಹುಡ್ಗಿ ಅತ್ಕೊಂಡು ಹೋಗ್ತಾಳೆ ಕಣೋ."

ಹಾಲೇಶ್ ತಲೆ ತಗ್ಗಿಸಿದ. ಮಾರನೆಯ ದಿನ ನಿಜವಾಗಿಯೂ ಕಾಲು ಹಿಂದಕ್ಕೆ ಎಳೆದುಕೊಂಡು ಕೂತ. ಮೊದಲ ತಿರುವಿನಲ್ಲೇ ಎದುರಿನಿಂದ ಬಸ್ಸು ಬಂತು. ತನುಜಾ ಉಸಿರು ಬಿಗಿಹಿಡಿದಿದ್ದು ಕೇಳಿಸಿತು. ಅವನ ಕಾಲು ಅವನನ್ನು ಕೇಳದೆ ಮುಂದಕ್ಕೆ ಹೋಗಿ ಪೆಡಲಿನ ಮೇಲೆ ಕೂತಿತು.

ಟೆಸ್ಟಿಗೆ ಇನ್ನೊಂದು ವಾರ ಇತ್ತು. ಆ ಭಾನುವಾರ ವಿಮಲಮ್ಮ ಕಸದ ಗಾಡಿಯ ಟಾರ್ಪಾಲು ತೆಗೆಸಿ, ರಟ್ಟಿನ ಮೇಲೆ ಕೆಂಪಗೆ ಎಲ್ ಬರೆಸಿ ಕಟ್ಟಿಸಿದರು. "ನಮ್ ಗಾಡಿನೂ ಒಂದ್ಸಲ ಓಡಿಸಿ ನೋಡವ್ವ. ಹಾಲೇಶಪ್ಪ ಪಕ್ಕದಲ್ಲಿ ಇರ್ತಾರಲ್ಲ," ಎಂದರು.

ಹಾಲೇಶನಿಗೆ ಏನಾದರೂ ನೆಪ ಹೇಳಿ ತಪ್ಪಿಸಬೇಕು ಅನ್ನಿಸಿತು. ಅಷ್ಟರಲ್ಲಿ ತನುಜಾ ಹತ್ತಿ ಕೂತಾಗಿತ್ತು. ಅವಳ ಮುಖದಲ್ಲಿ ಹೆದರಿಕೆಯೂ ಇತ್ತು, ಆಸೆಯೂ ಇತ್ತು.

ಗಾಡಿ ಊರು ದಾಟಿ ಕೆರೆಯ ಕಡೆಗೆ ದಿಬ್ಬ ಹತ್ತತೊಡಗಿತು. ಮಗಳು ಗಾಡಿ ಓಡಿಸುವುದನ್ನು ನೋಡಲು ಈರಪ್ಪನೂ ಕೋಲೂರಿಕೊಂಡು ಹಿಂದೆಯೇ ಬರುತ್ತಿದ್ದ. ದಿಬ್ಬದ ನಡುವೆ ಕುರಿಮಂದೆ ಅಡ್ಡ ಬಂತು. ತನುಜಾ ಗಾಡಿ ನಿಲ್ಲಿಸಿದಳು. ಕುರಿಗಳು ದಾಟಿದವು. ಅವಳು ದಿನಾ ಮಾಡುವ ಹಾಗೆಯೇ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲೆ ಇಟ್ಟಳು.

ಗಾಡಿ ಹಿಂದಕ್ಕೆ ಜಾರಿತು.

ಕನ್ನಡಿಯಲ್ಲಿ ಅಪ್ಪ ಕಂಡ. ಕೋಲು ಹಿಡಿದು ದಾರಿಯ ಮಧ್ಯೆ ನಿಂತಿದ್ದ, ಅಲುಗಾಡದೆ. ಕನ್ನಡಿಯಲ್ಲಿ ಅಪ್ಪ ದೊಡ್ಡದಾಗುತ್ತ ಬಂದ…

"ಅಪ್ಪಾ…"

ಅವಳ ಕಾಲು ಕಲ್ಲಾಗಿತ್ತು. ಯಾವುದು ಬ್ರೇಕು? ಅವಳು ಮತ್ತೆ ಚಿಕ್ಕ ಹುಡುಗಿಯಾಗಿಬಿಟ್ಟಿದ್ದಳು, ಅದೇ ದಿಬ್ಬ, ಅದೇ ಅಪ್ಪ.

ಹಾಲೇಶ್ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದ. ಗಾಡಿ ಕಿರುಗುಟ್ಟಿ ನಿಂತಿತು. ಈರಪ್ಪ ಕೈ ಚಾಚಿದ್ದರೆ ಗಾಡಿಯ ಹಿಂಬದಿ ಮುಟ್ಟಬಹುದಿತ್ತು, ಅಷ್ಟು ಹತ್ತಿರ.

ತನುಜಾ ತಲೆ ತಗ್ಗಿಸಿ ಕೂತಿದ್ದಳು. ಆಗ ಅವಳ ಕಣ್ಣು ಹಾಲೇಶನ ಕಾಲಿನ ಮೇಲೆ ಬಿತ್ತು.

ಅವನ ಎರಡೂ ಕಾಲು ಮುಂದಕ್ಕೆ ಚಾಚಿ ಗಾಡಿಯ ಬರೀ ತಗಡನ್ನು ಬಲವಾಗಿ ಒತ್ತಿ ಹಿಡಿದಿದ್ದವು. ಅಲ್ಲಿ ಕ್ಲಚ್ಚಿರಲಿಲ್ಲ, ಬ್ರೇಕೂ ಇರಲಿಲ್ಲ.

ಅವಳಿಗೆ ಎಲ್ಲ ಅರ್ಥವಾಯಿತು. ತಾನಾಗಿಯೇ ಇಳಿಯುತ್ತಿದ್ದ ಕ್ಲಚ್ಚು, ಒಂದು ಸಲವೂ ಜಾರದ ಕಾರು, ಮೊದಲ ದಿನದ ಆ ಹಸು…

"ಹಸು ಮುಂದೆ ಕಾರು ನಿಲ್ಲಿಸಿದ್ದು ನೀವು," ಎಂದಳು ಮೆಲ್ಲಗೆ.

ಹಾಲೇಶ್ ಕಾಲು ಹಿಂದಕ್ಕೆ ಎಳೆದುಕೊಂಡ.

"ಇಷ್ಟು ದಿನ ಓಡಿಸಿದ್ದೂ ನೀವೇ. ನಾನು ಸುಮ್ನೆ ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ."

"ತನುಜಾ ಅವ್ರೇ, ನಾನು…"

"ಕುಂಟನ ಮಗಳು, ಪಾಪ ಅಂತ ಕನಿಕರನಾ? ಇಲ್ಲ, ಇವಳ ಕೈಲಿ ಆಗಲ್ಲ ಅಂತ ಮೊದಲ ದಿನಾನೇ ಗೊತ್ತಿತ್ತಾ ನಿಮ್ಗೆ?" ಅವಳ ಕಣ್ಣು ತುಂಬಿ ಬಂತು. "ನಮ್ಮಪ್ಪ ಸಾಯ್ತಿದ್ರು ಕಣ್ರೀ ಇವತ್ತು."

ಅವಳು ಗಾಡಿ ಇಳಿದು ಅಪ್ಪನ ಕೈ ಹಿಡಿದುಕೊಂಡು ನಡೆದೇಬಿಟ್ಟಳು. ಹಾಲೇಶ್ ಕರೆಯಲೂ ಇಲ್ಲ. ಏನೆಂದು ಕರೆಯುವುದು?

ಆ ಸಂಜೆ ತನುಜಾ ಅಪ್ಪನಿಗೆ ಎಲ್ಲ ಹೇಳಿಕೊಂಡಳು. ಊಟ ಮಾಡಲಿಲ್ಲ. ವಿಮಲಮ್ಮನ ಮನೆಗೆ ಹೋಗಿ ಹೆಸರು ತೆಗೆಸಿಬಿಡುತ್ತೇನೆ ಎಂದು ಎದ್ದವಳನ್ನು ಈರಪ್ಪ ಕೂರಿಸಿದ.

"ನಾನು ಯಾಕೆ ಪಕ್ಕಕ್ಕೆ ಸರೀಲಿಲ್ಲ ಗೊತ್ತೇನವ್ವ?"

"ಕಾಲು ನೋಯ್ತದಲ್ಲಪ್ಪ ನಿಂಗೆ…"

"ಕಾಲು ನೋವಿಗಲ್ಲ. ಸರಿಯೋಕೆ ಬೇಕಾದಷ್ಟು ಹೊತ್ತಿತ್ತು. ಹೆದರ್ಕಂಡೆ ಕಣವ್ವ. ಸರಿ ಸರಿ ಅಂತ ನಾನು ಹೇಳ್ತಾನೇ ಇದೀನಿ, ಕಾಲು ನನ್ ಮಾತೇ ಕೇಳ್ಲಿಲ್ಲ." ಈರಪ್ಪ ಕೋಲನ್ನು ಗೋಡೆಗೆ ಒರಗಿಸಿದ. "ಆ ಹುಡುಗನ ಕಾಲೂ ಅವನ ಮಾತು ಕೇಳಿಲ್ವೇನೋ. ಬೈಯೋದಾದ್ರೆ ಬೈಯಿ. ಆದ್ರೆ ಗಾಡಿ ಬಿಡಬ್ಯಾಡ. ನಾನು ಬಿಟ್ಟಿದ್ದೇ ಸಾಕು ಈ ಮನೇಲಿ."

ತನುಜಾಗೆ ನಿದ್ದೆ ಬಂದಿದ್ದು ತಡವಾಗಿ. ಅವನ ಮೇಲೆ ಕೋಪ ಇತ್ತು. ಆ ಕೋಪದ ಅಡಿಯಲ್ಲಿ ಇನ್ನೇನೋ ನೋಯುತ್ತಿತ್ತು. 'ಅವನು ನನ್ನನ್ನ ನಂಬಲಿಲ್ಲವಲ್ಲ…' ಬೇರೆ ಯಾರು ನಂಬದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕಾರು ಬಂದಿತ್ತು. ತನುಜಾ ಡ್ರೈವರ್ ಸೀಟಿನಲ್ಲಿ ಕೂತು ನೇರವಾಗಿ ಮುಂದೆ ನೋಡುತ್ತ ಕೇಳಿದಳು.

"ಇವತ್ತು ನಿಮ್ಮ ಕಾಲು ಎಲ್ಲಿರುತ್ತೆ?"

ಹಾಲೇಶ್ ಬಗ್ಗಿ ಚಪ್ಪಲಿ ಕಳಚಿದ. ಅವನ್ನು ಹಿಂದಿನ ಸೀಟಿನ ಕೆಳಗೆ ಎಸೆದ. ಆಮೇಲೆ ಎರಡೂ ಕಾಲು ಮೇಲೆ ಎಳೆದುಕೊಂಡು, ಮದುವೆ ಊಟದ ಪಂಕ್ತಿಯಲ್ಲಿ ಕೂತವನ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಹೊರಡಿ," ಎಂದ.

ತನುಜಾಗೆ ನಗು ಬರಲಿಲ್ಲ. ಕಾರಿನಲ್ಲಿ ತಾನೊಬ್ಬಳೇ ಇದ್ದೇನೆ ಎಂದು ಮೊದಲ ಬಾರಿಗೆ ಅನ್ನಿಸಿತು.

ಅಬ್ಬಾ, ಆ ವಾರ… ಕಾರು ಹತ್ತು ಮಾರಿಗೊಂದು ಸಲ ಆಫಾಯಿತು. ದಿಬ್ಬದಲ್ಲಿ ಹಿಂದಕ್ಕೆ ಜಾರಿತು. ಬೇಲಿಗೆ ಮೂತಿ ತಾಗಿಸಿತು. ಹಾಲೇಶನ ಮುಖ ಬಿಳುಚುತ್ತಿತ್ತು, ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದ. ಕಾಲು ಮಾತ್ರ ಕೆಳಗಿಳಿಸಲಿಲ್ಲ.

"ಹಾಫ್ ಕ್ಲಚ್ ಹಿಡೀರಿ. ಕ್ಲಚ್ ಮೆತ್ತಗೆ ಬಿಡ್ತಾ ಬನ್ನಿ. ಗಾಡಿ ನಡುಗುತ್ತೆ ನೋಡಿ, ಅಲ್ಲೇ ನಿಲ್ಲಿಸಿ. ಆಮೇಲೆ ಬ್ರೇಕ್ ಬಿಡಿ."

"ನಡುಗಿದ್ರೆ ನಂಗೆ ಭಯ ಆಗುತ್ತೆ."

"ನಡುಗ್ಲಿಲ್ಲ ಅಂದ್ರೆ ನಂಗೆ ಭಯ ಆಗುತ್ತೆ," ಎಂದ ಹಾಲೇಶ್.

ಅಷ್ಟು ಬಿಟ್ಟರೆ ಅವರ ನಡುವೆ ಬೇರೆ ಮಾತಿರಲಿಲ್ಲ. ಕನಿಕರನಾ ಎಂದು ಅವಳು ಕೇಳಿದ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಟೆಸ್ಟಿನ ದಿನ ತರೀಕೆರೆಯಲ್ಲಿ ಮೋಡ ಕವಿದಿತ್ತು. ತನುಜಾಳ ಕೈಗಳು ತಣ್ಣಗಾಗಿದ್ದವು. ಇನ್‌ಸ್ಪೆಕ್ಟರ್ ಹಿಂದಿನ ಸೀಟಿನಲ್ಲಿ ಕೂತರು. ಹಾಲೇಶ್ ಮುಂದೆ ಕೂತ, ಚಪ್ಪಲಿ ಬಿಚ್ಚಿದ, ಕಾಲು ಮಡಚಿದ.

"ಏನ್ರೀ ಇದು, ಮನೆ ಜಗಲಿ ಅಂದ್ಕೊಂಡ್ರಾ?"

"ಓಡಿಸೋರು ಅವ್ರು ಸಾರ್. ನನ್ ಕಾಲಿಗೆ ಇಲ್ಲೇನೂ ಕೆಲ್ಸ ಇಲ್ಲ."

ಇನ್‌ಸ್ಪೆಕ್ಟರ್ ಅವನ ಕಾಲನ್ನೂ ಕೆಳಗಿನ ಪೆಡಲುಗಳನ್ನೂ ನೋಡಿದರು. "ನಡೀರಮ್ಮ," ಎಂದರು.

ಕಾರು ಹೊರಟಿತು. ಅಂಗಡಿ ಬೀದಿ ದಾಟಿತು, ಸರ್ಕಲ್ ದಾಟಿತು. ಅಲ್ಲಿಂದ ಇನ್‌ಸ್ಪೆಕ್ಟರ್ ಏರು ರಸ್ತೆಯೊಂದರ ಕಡೆಗೆ ಕೈ ತೋರಿಸಿದರು. ತನುಜಾಳ ಕಿವಿಯಲ್ಲಿ ಗುಂಯ್ ಎಂದಿತು.

ಏರಿನ ನಡುವೆ ಮುಂದಿದ್ದ ಬಸ್ಸು ಜನರನ್ನು ಇಳಿಸಲು ನಿಂತಿತು. ತನುಜಾಳೂ ನಿಲ್ಲಲೇಬೇಕಾಯಿತು. ಕನ್ನಡಿಯಲ್ಲಿ ನೋಡಿದಳು. ಬೆನ್ನಿಗಂಟಿಕೊಂಡ ಹಾಗೆ ಒಂದು ಸ್ಕೂಟಿ ನಿಂತಿತ್ತು. ಒಬ್ಬ ತಾಯಿ, ಮುಂದೆ ನಿಂತ ಪುಟ್ಟ ಮಗು. ಮಗು ಕಾರಿನ ಎಲ್ ಬೋರ್ಡನ್ನೇ ನೋಡುತ್ತಿತ್ತು.

ಬಸ್ಸು ಹೊರಟಿತು.

ತನುಜಾಳ ಕಾಲು ಕಲ್ಲಾಯಿತು. ಬ್ರೇಕು ಬಿಟ್ಟರೆ ಆ ಮಗು… 'ಕಾಲು ಕೆಳಗಿಡಿ ಅಂತ ಒಂದು ಮಾತು ಹೇಳಿದರೆ ಸಾಕು. ಅವನು ಇಡ್ತಾನೆ. ಖಂಡಿತ ಇಡ್ತಾನೆ.' ಮಾತು ಗಂಟಲಿಗೆ ಬಂದಾಗಿತ್ತು. ಅವಳು ಅವನ ಕಡೆ ತಿರುಗಿದಳು.

ಹಾಲೇಶ್ ಕಣ್ಣು ಮುಚ್ಚಿಕೊಂಡಿದ್ದ. ಹಣೆಯಲ್ಲಿ ಬೆವರು. ಎರಡೂ ಕೈಯಲ್ಲಿ ತನ್ನ ಪಾದಗಳನ್ನು ತಾನೇ ಹಿಡಿದುಕೊಂಡಿದ್ದ, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಬಿಟ್ಟರೆ ಎಲ್ಲಿ ಕೆಳಗೆ ಹಾರಿಬಿಡುತ್ತವೋ ಅನ್ನುವ ಹಾಗೆ.

ತನುಜಾ ಅದನ್ನು ನೋಡಿದಳು. ಇದು ಕನಿಕರವಲ್ಲ. ಕನಿಕರಕ್ಕೆ ಯಾರೂ ಇಷ್ಟು ನಡುಗುವುದಿಲ್ಲ. ಅವನೂ ತನ್ನ ಹಾಗೆಯೇ ಹೆದರಿದ್ದಾನೆ, ಹೆದರಿಯೂ ಕಾಲನ್ನು ಹಿಡಿದಿಟ್ಟುಕೊಂಡಿದ್ದಾನೆ, ತನಗೋಸ್ಕರ.

ಅವಳು ಮುಂದೆ ನೋಡಿದಳು. ಕ್ಲಚ್ಚನ್ನು ಮೆತ್ತಗೆ ಬಿಡುತ್ತ ಬಂದಳು. ಕಾರು ನಡುಗಿತು. ಅವಳೂ ನಡುಗಿದಳು. ಕಾಲನ್ನು ಅಲ್ಲೇ ಹಿಡಿದು ಬ್ರೇಕು ಬಿಟ್ಟಳು.

ಕಾರು ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಮುಂದಕ್ಕೆ ಹೊರಟಿತು. ಕನ್ನಡಿಯಲ್ಲಿ ಮಗು ಚಿಕ್ಕದಾಗುತ್ತ ಹೋಯಿತು. ತನುಜಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

"ಸಾಕಮ್ಮ, ತಿರುಗಿಸ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್. "ಪಾಸು. ಅಳೋದ್ಯಾಕೆ?"

ಅಜ್ಜಂಪುರಕ್ಕೆ ವಾಪಸ್ ಹೊರಟಾಗ ಸ್ಟೇರಿಂಗ್ ತನುಜಾಳ ಕೈಯಲ್ಲೇ ಇತ್ತು. ವಿಮಲಮ್ಮನಿಗೆ ಫೋನಾಗಿತ್ತು. ಈರಪ್ಪ ಅತ್ತು ಮೂಗು ಎಳೆದುಕೊಂಡಿದ್ದು ಫೋನಿನಲ್ಲಿ ಕೇಳಿಸಿತ್ತು. ಹಾಲೇಶ್ ಇನ್ನೂ ಕಾಲು ಮಡಚಿಯೇ ಕೂತಿದ್ದ.

ಕಾವಲಿನ ಹತ್ತಿರ ರಸ್ತೆಯ ನಡುವೆ ಬೂದು ಬಣ್ಣದ ಹಸುವೊಂದು ನಿಂತಿತ್ತು. ಅದೇ ಹಸುವೋ, ಅದರ ಅಕ್ಕನೋ, ಯಾರಿಗೆ ಗೊತ್ತು. ತನುಜಾ ದೂರದಿಂದಲೇ ವೇಗ ಇಳಿಸಿ ಮೆತ್ತಗೆ ಕಾರು ನಿಲ್ಲಿಸಿದಳು.

"ಅವತ್ತು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಹೇಳಿಲ್ಲ," ಎಂದಳು.

ಹಾಲೇಶ್ ಹಸುವನ್ನೇ ನೋಡುತ್ತ ಹೇಳಿದ. "ಕನಿಕರ ಅಲ್ಲ ಕಣ್ರೀ. ನಿಮ್ಮ ಕೈಲಿ ಆಗಲ್ಲ ಅಂತಾನೂ ಅಲ್ಲ. ಎಷ್ಟು ಜನಕ್ಕೆ ಕಲಿಸಿದೀನಿ, ಯಾರು ಕೂತ್ರೂ ನನ್ ಕಾಲು ಸುಮ್ನೆ ಇರುತ್ತೆ. ನೀವು ಕೂತ್ರೆ ಇರಲ್ಲ… ನಿಮ್ಗೇನಾದ್ರೂ ಆದ್ರೆ ಅಂತ ಜೀವ ಹೋಗುತ್ತೆ. ನೀವು ಅಂದ್ರೆ ನಂಗೆ ಅಷ್ಟು ಇಷ್ಟ. ಅದನ್ನ ಹೇಳೋಕೆ ಬರ್ದೆ ಬ್ರೇಕ್ ತುಳೀತಿದ್ದೆ."

ತನುಜಾಳ ಎದೆ ಹೊಡೆದುಕೊಳ್ಳುತ್ತಿತ್ತು. ಈ ಸಲ ಭಯಕ್ಕಲ್ಲ… ಸ್ವಲ್ಪ ಭಯಕ್ಕೂ ಇರಬಹುದು.

"ಕಾಲು ಇಳಿಸಿ," ಎಂದಳು ಕೊನೆಗೆ.

"ಬೇಡ. ಮತ್ತೆ ಪೆಡಲ್ ಮೇಲೆ ಹೋಗುತ್ತೆ."

"ಹೋಗ್ಲಿ. ಈಗ ಹೋದ್ರೆ ನಂಗೆ ಗೊತ್ತಾಗುತ್ತೆ."

ಹಾಲೇಶ್ ಕಾಲು ಇಳಿಸಲು ಹೋಗಿ ಮುಖ ಹಿಂಡಿದ. "ಆಗ್ತಿಲ್ಲ. ಜೋಮು ಹಿಡಿದುಬಿಟ್ಟಿದೆ."

ತನುಜಾ ಜೋರಾಗಿ ನಕ್ಕಳು. ಹ್ಯಾಂಡ್ ಬ್ರೇಕ್ ಎಳೆದು, ಸರಿಯಾಗಿ ಎಳೆದಿದ್ದೇನಾ ಎಂದು ಇನ್ನೊಮ್ಮೆ ನೋಡಿದಳು. ಆಮೇಲೆ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಅವಳ ಅಂಗೈ ಬೆಚ್ಚಗಿತ್ತು.

"ಅಪ್ಪ ಕಾಯ್ತಿರ್ತಾರೆ. ಮನೆಗೆ ಬನ್ನಿ. ಈಗ ನಂಗೆ ಹೇಳಿದ್ದನ್ನೇ ಅವ್ರಿಗೂ ಹೇಳಿ."

"ಹೇಳ್ತೀನಿ… ಅವ್ರು ಬೈದ್ರೆ?"

"ನಾನು ಪಕ್ಕದಲ್ಲೇ ಇರ್ತೀನಲ್ಲ."

ಹಸು ಕೊಂಬು ಆಡಿಸುತ್ತ ನಿಧಾನಕ್ಕೆ ರಸ್ತೆ ಬಿಟ್ಟುಕೊಟ್ಟಿತು. ತನುಜಾ ಗೇರಿಗೆ ಕೈ ಹಾಕಿದವಳು ತಡೆದು ಅವನ ಕಡೆ ತಿರುಗಿದಳು.

"ಇವತ್ತು ಗಾಡಿ ನಿಲ್ಲಿಸಿದ್ದು ಯಾರು?"

"ನೀವೇ."

"ನಿಜವಾಗ್ಲೂ?"

"ನಿಮ್ಮಾಣೆಗೂ ನೀವೇ ಕಣ್ರೀ," ಎಂದ ಹಾಲೇಶ್.